ಕಡಲ ಬಂಡೆ ಮ್ಯಾಲಿನ ಗಿಲಿಮಾಟ್: ಮೊಟ್ಟಿ ಯಾಕ ಉರುಳೂದಿಲ್ಲ? ಅವರ ಎಣಿಕೆ ಪದ್ಧತಿ ನಮ್ಮ ಬಾದಾಮಿ ಬಂಡೆಗೆ ನಡೀತೈತೇನು?

ಮಲಪ್ರಭಾ ದಂಡಿ (ಬಾದಾಮಿ)

ನಮಸ್ಕಾರ್ರಿ ಎಲ್ಲಾರಿಗೂ. ಬಾದಾಮಿ ಸುತ್ತಿನ ಬಂಡೆಯೊಳಗ ಗೂಡು ಮಾಡೋ ಹಕ್ಕಿಗಳನ್ನ ಒಂದು ಪದ್ಧತಿ ಪ್ರಕಾರ ಎಣಿಸಬೇಕಂತ ನಮ್ಮ ಗುಂಪಿನ್ಯಾಗ ಮಾತು ನಡದೈತಿ. ಬಂಡೆ ಹಕ್ಕಿ ಎಣಿಕೆ ಅಂದ್ರ ಎಲ್ಲಾರೂ ಸ್ಕಾಟ್ಲೆಂಡ್ ಕಡೆ ಕಡಲಹಕ್ಕಿಗಳ ಮಾತು ತಗೀತಾರ. ಅಲ್ಲಿ ಫೋಟೋ ನೋಡಿದ್ರ ಬಂಡೆ ಮೈಯಾಗಿನ ಅಡ್ಡ ಕಟ್ಟೆಗಳ ಮ್ಯಾಲ ಸಾವಿರಗಟ್ಟಲೆ ಗಿಲಿಮಾಟ್ ಸಾಲಾಗಿ ನಿಂತಿರ್ತಾವ. ಗೂಡಿಲ್ಲ, ಕಡ್ಡಿ ಇಲ್ಲ, ಬರೀ ಕಲ್ಲಿನ ಮ್ಯಾಲ ಮೊಟ್ಟಿ. ಅದು ಗಾಳಿಗೆ ಉರುಳಿ ಸಮುದ್ರಕ್ಕ ಬೀಳೂದಿಲ್ಲೇನು? ನಮ್ಮ ಬಂಡೆಯಾಗೂ ಅಂಥವೇ ಕಟ್ಟೆ ಅದಾವ, ಆದ್ರ ಇಲ್ಲಿ ಯಾವ ಹಕ್ಕಿನೂ ಹಂಗ ಬಯಲಿನ್ಯಾಗ ಮೊಟ್ಟಿ ಇಡೂದಿಲ್ಲ. ತಿಳಿದವರು ಬಿಡಿಸಿ ಬರೀರಿ. ಎಣಿಕೆ ವಿಷಯ ಆಮ್ಯಾಲ ಕೇಳ್ತೀನಿ.

ಉತ್ತರದ ಗಾಳಿ (ಬೆಳಗಾವಿ)

ದಂಡಿಯವರೇ, ಮೊದಲು ಹಕ್ಕಿಯ ಅಳತೆ ತಿಳಿದುಕೊಂಡರೆ ಉಳಿದದ್ದು ಸಲೀಸು. ಗಿಲಿಮಾಟ್ ಸುಮಾರು 40 ಸೆಂ.ಮೀ. ಉದ್ದ, ಒಂದು ಕಿಲೋ ತೂಕ. ಬೆನ್ನು ಕಂದುಗಪ್ಪು, ಹೊಟ್ಟೆ ಬಿಳಿ, ಕೊಕ್ಕು ಚೂಪು, ಕಾಲು ದೇಹದ ತೀರಾ ಹಿಂದಕ್ಕೆ. ಅದಕ್ಕೇ ನೆಟ್ಟಗೆ ನಿಲ್ಲುತ್ತದೆ. ಅಮೆರಿಕದವರು ಇದನ್ನೇ ಕಾಮನ್ ಮರ್ ಅನ್ನುತ್ತಾರೆ. ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್, ಎರಡೂ ಕಡೆ ಇದೆ. ವರ್ಷದ ಬಹುಪಾಲು ನೀರಿನ ಮೇಲೇ. ದಡ ಹತ್ತುವುದು ಮರಿ ಮಾಡಲಿಕ್ಕೆ.

ಹೆಣ್ಣು ಒಂದೇ ಒಂದು ಮೊಟ್ಟೆ ಇಡುತ್ತದೆ. ಅದರ ತೂಕ ಸುಮಾರು 110 ಗ್ರಾಂ, ಅಂದರೆ ತಾಯಿಯ ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಕಳೆದುಹೋದರೆ ಎರಡು ವಾರದ ಮೇಲೆ ಇನ್ನೊಂದು ಇಡಬಲ್ಲದು, ಆದರೆ ತಡವಾಗಿ ಹುಟ್ಟಿದ ಮರಿ ಉಳಿಯುವುದು ಕಷ್ಟ. ಕಾವು 32-33 ದಿನ. ಗಂಡು ಹೆಣ್ಣು ಇಬ್ಬರೂ ಪಾಳಿಯ ಮೇಲೆ ಕೂಡುತ್ತವೆ. ಕೂಡುವುದು ಅಂದರೆ ಮೊಟ್ಟೆಯನ್ನು ಎರಡೂ ಪಾದಗಳ ಮೇಲೆ ಎಳೆದುಕೊಂಡು, ಹೊಟ್ಟೆಯ ಮೇಲಿನ ಪುಕ್ಕವಿಲ್ಲದ ಬರಿಚರ್ಮವನ್ನು ಅದಕ್ಕೆ ಒತ್ತಿ, ಮುಖ ಬಂಡೆಯ ಕಡೆ ಮಾಡಿ ನಿಲ್ಲುವುದು. ಪಾಳಿ ಬದಲಾಗುವಾಗ ಮೊಟ್ಟೆ ಒಂದರ ಪಾದದಿಂದ ಇನ್ನೊಂದರ ಪಾದಕ್ಕೆ ದಾಟಬೇಕು. ಹೊಸ ಜೋಡಿಗಳು ಮೊಟ್ಟೆ ಕಳೆದುಕೊಳ್ಳುವುದು ಬಹಳಷ್ಟು ಇಲ್ಲೇ.

ಇನ್ನು ಮೊಟ್ಟೆಯ ಆಕಾರ. ಒಂದು ತುದಿ ದಪ್ಪ, ಇನ್ನೊಂದು ತುದಿ ಚೂಪು.

ಗೋಕಾಕ ಕರದಂಟು

ಇದು ಗೊತ್ತೈತ್ರಿ. ಚೂಪು ಇರೂದ್ರಿಂದ ಮೊಟ್ಟಿ ಉರುಳಿದ್ರ ಗಿರಕಿ ಹೊಡದು ಅಲ್ಲೇ ನಿಲ್ತೈತಿ, ಕೆಳಗ ಬೀಳೂದಿಲ್ಲ. ಎಲ್ಲಾ ಪುಸ್ತಕದಾಗೂ ಹಿಂಗ ಬರದಾರ.

ಉತ್ತರದ ಗಾಳಿ (ಬೆಳಗಾವಿ)

ಬರೆದಿದ್ದಾರೆ, ನಿಜ. ಆದರೆ ಅದು ಅರ್ಧ ಮಾತು. ಒಳಗಿನದನ್ನು ಊದಿ ತೆಗೆದ ಖಾಲಿ ಚಿಪ್ಪನ್ನು ಮೇಜಿನ ಮೇಲೆ ತಳ್ಳಿದರೆ ಅದು ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ವಸ್ತುಸಂಗ್ರಹಾಲಯದ ಮೊಟ್ಟೆಗಳೆಲ್ಲ ಹಾಗೆ ಖಾಲಿಯಾದವೇ, ಅದನ್ನು ನೋಡಿದವರು ಹಬ್ಬಿಸಿದ ಮಾತು ಇದು. ತುಂಬಿದ ಮೊಟ್ಟೆ ಹಾಗೆ ಮಾಡುವುದಿಲ್ಲ. ಅದು ದೊಡ್ಡ ಕಮಾನಿನಲ್ಲಿ ಉರುಳುತ್ತದೆ, ಎಷ್ಟೋ ಕಟ್ಟೆಗಳು ಆ ಕಮಾನಿನಷ್ಟು ಅಗಲವೇ ಇರುವುದಿಲ್ಲ. ಉರುಳತೊಡಗಿದ ಮೊಟ್ಟೆಯನ್ನು ಆಕಾರ ಒಂದೇ ಉಳಿಸಲಾರದು.

ಬ್ರಿಟನ್ನಿನ ಟಿಮ್ ಬರ್ಕ್‌ಹೆಡ್ 1972ರಿಂದ ವೇಲ್ಸ್‌ನ ಸ್ಕೋಮರ್ ದ್ವೀಪದಲ್ಲಿ ಈ ಹಕ್ಕಿಯನ್ನೇ ಹಿಡಿದು ಕೂತವರು. ಅವರ ತಂಡ ತೋರಿಸಿದ್ದು ಬೇರೆ: ಉದ್ದನೆಯ ಮೊಟ್ಟೆಯ ಒಂದು ಮಗ್ಗುಲು ಹೆಚ್ಚುಕಡಿಮೆ ನೇರವಾಗಿರುತ್ತದೆ. ಕಲ್ಲಿಗೆ ತಾಗುವ ಭಾಗ ಹೆಚ್ಚು. ಹೀಗಾಗಿ ಇಳಿಜಾರಿನಲ್ಲಿ ಇಟ್ಟರೆ ಅದು ಉರುಳಲು ಶುರುವಾಗುವುದೇ ಕಡಿಮೆ. ಇನ್ನೊಂದು ಅಂಶವೂ ಇದೆ. ಈ ಕಟ್ಟೆಗಳು ಹಿಕ್ಕೆಯ ಕೆಸರಿನಲ್ಲಿ ಅದ್ದಿರುತ್ತವೆ. ಮೊಟ್ಟೆ ಮಲಗಿದಾಗ ಚೂಪು ಕಡೆಗೆ ಹೊಲಸು ಹತ್ತುತ್ತದೆ, ದಪ್ಪ ತುದಿ ತುಸು ಸ್ವಚ್ಛ ಉಳಿಯುತ್ತದೆ. ಗಾಳಿಚೀಲ ಇರುವುದು, ಮರಿ ಚಿಪ್ಪು ಒಡೆದು ಹೊರಬರುವುದು ಆ ತುದಿಯಲ್ಲೇ. ಅಲ್ಲಿನ ರಂಧ್ರ ಮುಚ್ಚಿದರೆ ಒಳಗಿನ ಜೀವಕ್ಕೆ ಉಸಿರಿಲ್ಲ.

ಬಣ್ಣದ ಮಾತು: ಒಂದು ಮೊಟ್ಟೆ ಬಿಳಿ, ಪಕ್ಕದ್ದು ಹಸಿರುನೀಲಿ, ಅದರಾಚೆಯದು ಕಂದು. ಮೇಲೆ ಶಾಯಿ ಚೆಲ್ಲಿದಂಥ ಗೆರೆಗಳು. ಒಂದೇ ಹೆಣ್ಣು ವರ್ಷ ವರ್ಷ ಹೆಚ್ಚುಕಡಿಮೆ ಒಂದೇ ತರಹದ ಮೊಟ್ಟೆ ಇಡುತ್ತದೆ. ಗದ್ದಲದಲ್ಲಿ ನಾಲ್ಕು ಮೊಟ್ಟೆ ಕಲೆತರೂ ತನ್ನದನ್ನು ಗುರುತಿಸಿ ಎಳೆದುಕೊಳ್ಳುತ್ತದೆ.

ಕಲ್ಲು ಕ್ವಾರಿ (ಬಾಗಲಕೋಟೆ)

ಹಕ್ಕಿಯ ಮಾತು ಆಯಿತು, ಕಲ್ಲಿನ ಮಾತು ಯಾರೂ ಎತ್ತಲಿಲ್ಲ. ಕಟ್ಟೆ ಇಲ್ಲದಿದ್ದರೆ ಗಿಲಿಮಾಟ್ ಇಲ್ಲ. ಕಟ್ಟೆ ಆಗುವುದು ಕಲ್ಲಿನ ಗುಣದಿಂದ.

ಶೆಟ್‌ಲೆಂಡಿನ ನಾಸ್ ದ್ವೀಪದಲ್ಲಿ 181 ಮೀಟರ್ ಎತ್ತರದ ಬಂಡೆ ಇದೆ. ಅದು ಮರಳುಗಲ್ಲು. ಸ್ಕಾಟ್ಲೆಂಡಿನ ವಾಯುವ್ಯದ ಹಂಡಾ ದ್ವೀಪವೂ ಮರಳುಗಲ್ಲೇ, ಇನ್ನೂ ಬಹಳ ಹಳೆಯದು. ಎರಡೂ ಕಡೆ ಪದರಗಳು ಅಡ್ಡಡ್ಡ ಮಲಗಿವೆ. ಮೆದು ಪದರವನ್ನು ಗಾಳಿ, ಉಪ್ಪು, ಹಿಮ ತಿಂದು ಒಳಗೆ ಸರಿಸುತ್ತವೆ, ಗಟ್ಟಿ ಪದರ ಹೊರಗೆ ಚಾಚಿಕೊಂಡು ನಿಲ್ಲುತ್ತದೆ. ಅದೇ ಕಟ್ಟೆ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲೂ, ನಮ್ಮವರು ಕಲಾದಗಿ ಶಿಲೆ ಅನ್ನುವ ಗುಂಪಿನಲ್ಲಿ, ಆಗಿರುವುದು ಇದೇ. ಮೇಣಬಸದಿಯ ಮೂರನೆಯ ಗುಹೆಯನ್ನು 578ರಲ್ಲಿ ಕೊರೆದವರಿಗೂ ಈ ಪದರ ಎಲ್ಲಿ ಬಿಡುತ್ತದೆ ಅಂತ ಗೊತ್ತಿತ್ತು ಅನ್ನಿಸುತ್ತದೆ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಧುಮುಕುವುದೂ ಇದೇ ಗುಂಪಿನ ಗಟ್ಟಿ ಕಲ್ಲಿನ ಮೇಲಿಂದ.

ಅಲ್ಲಿಯದಕ್ಕೂ ಇಲ್ಲಿಯದಕ್ಕೂ ವ್ಯತ್ಯಾಸ ಎರಡು. ಅಲ್ಲಿ ಬಂಡೆಯ ಬುಡದಲ್ಲಿ ಸಮುದ್ರ, ಹೀಗಾಗಿ ನರಿ ಕೆಳಗಿನಿಂದ ಬರುವಂತಿಲ್ಲ. ಮೇಲಿನಿಂದ ಇಳಿಯುವುದೂ ಕಷ್ಟ. ಬಾದಾಮಿಯಲ್ಲಿ ಮಂಗ ಹತ್ತದ ಕಟ್ಟೆ ಎಷ್ಟಿವೆ, ಲೆಕ್ಕ ಹಾಕಿ. ಬಯಲಲ್ಲಿ ಇಟ್ಟ ಮೊಟ್ಟೆ ಒಂದು ಗಳಿಗೆ ಉಳಿಯುವುದಿಲ್ಲ. ಎರಡನೆಯದು ಬಿಸಿಲು. ಏಪ್ರಿಲಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಕೆಂಪುಗಲ್ಲನ್ನು ಮಧ್ಯಾಹ್ನ ಮೂರಕ್ಕೆ ಮುಟ್ಟಿ ನೋಡಿದರೆ ಉತ್ತರ ಸಿಗುತ್ತದೆ. ಇಲ್ಲಿನ ಬಂಡೆ ಹಕ್ಕಿಗಳು ಕಟ್ಟೆಯ ಮೇಲೆ ಅಲ್ಲ, ಕಟ್ಟೆಯ ಅಡಿಗೆ, ನೆರಳಿಗೆ ಹೋಗಿರುವುದು ಸುಮ್ಮನೆ ಅಲ್ಲ.

ಖಾನಾಪುರ ಮಳಿ

ಕ್ವಾರಿ ಅಣ್ಣಾರ ಮಾತಿಗೆ ಒಂದು ಸೇರಿಸ್ತೀನ್ರಿ. ಒಂದೇ ಬಂಡೆ ಆದ್ರೂ ಎಲ್ಲಾ ಹಕ್ಕಿಗೂ ಒಂದೇ ಜಾಗಾ ಬೇಕಾಗಿಲ್ಲ. ನೀರಿಗೆ ಹತ್ತಿರ ದಪ್ಪ ಕಲ್ಲುಗಳ ನಡುವ ಶ್ಯಾಗ್ ಅನ್ನೋ ನೀರುಕಾಗಿ, ನಡುವಿನ ಉದ್ದ ಕಟ್ಟೆಗೆ ಗಿಲಿಮಾಟ್, ಸಂದಿಯೊಳಗ ರೇಜರ್‌ಬಿಲ್, ತುದಿಯ ಹುಲ್ಲುಮಣ್ಣಿನ್ಯಾಗ ಬಿಲ ತೋಡಿ ಪಫಿನ್. ಇವರೆಲ್ಲಾರೂ ಬ್ಯಾಡಂತ ಬಿಟ್ಟ ತೀರಾ ಸಣ್ಣ ಮೊಳಕಿನಂಥ ಕಲ್ಲಿಗೆ ಕಿಟ್ಟಿವೇಕ್.

ಈ ಕಿಟ್ಟಿವೇಕ್ ಅಂದ್ರ ಕಡಲಕಾಗಿ ಜಾತಿ, ಆದ್ರ ಅದರ ನಡತಿ ಬ್ಯಾರೇ. ಬಾಕಿ ಕಡಲಕಾಗಿಗಳು ನೆಲದ ಮ್ಯಾಲ ಗೂಡು ಮಾಡ್ತಾವ, ಮರಿ ಹುಟ್ಟಿದ ಕೆಲವು ದಿನಕ್ಕ ಅತ್ತಿತ್ತ ಓಡಾಡ್ತಾವ. ಕಿಟ್ಟಿವೇಕ್ ಮರಿ ಓಡಾಡಿದ್ರ ಸತ್ತಂಗ. ಅದಕ್ಕ ಅದು ಗೂಡಿನ್ಯಾಗ ಗೋಡಿ ಕಡೆ ಮುಖ ಮಾಡಿ ಅಲುಗದಂಗ ಕೂಡ್ತೈತಿ. ಉಗುರು ಗಟ್ಟಿ, ಹಿಂದಿನ ಬೆರಳು ಹೆಚ್ಚುಕಡಿಮಿ ಇಲ್ಲಾ. ಗೂಡಂತೂ ಪಕ್ಕಾ ಕೆಲಸ: ಕೆಸರು ತಂದು ಕಲ್ಲಿಗೆ ಹಚ್ಚಿ, ಕಾಲಿಲೆ ತುಳಿದು ತುಳಿದು ತಳ ಮಾಡಿ, ಮ್ಯಾಲ ಹುಲ್ಲು ಕಡಲಪಾಚಿ ಹಾಕಿ ಆಳ ಬಟ್ಟಲು ತಗೀತಾವ. ಸಾಮಾನ್ಯ ಎರಡು ಮೊಟ್ಟಿ. ಕಾವು 27 ದಿನ, ಮರಿ ಹಾರಾಕ ಆರು ವಾರ.

ಎಸ್ತರ್ ಕಲೆನ್ ಅನ್ನೋ ವಿಜ್ಞಾನಿ 1957ರಾಗ ಇದನ್ನೆಲ್ಲಾ ಬಿಡಿಸಿ ಬರದಾರ. ಅದರಾಗ ನಂಗ ಭಾಳ ಹಿಡಿಸಿದ ಮಾತು ಒಂದೈತಿ. ನೆಲದ ಕಡಲಕಾಗಿಗಳು ತಮ್ಮ ಮರಿ ಯಾವುದಂತ ಕೆಲವೇ ದಿನದಾಗ ಗುರ್ತು ಹಿಡೀತಾವ, ಕಿಟ್ಟಿವೇಕ್ ವಾರಗಟ್ಟಲೆ ಹಿಡಿಯೂದಿಲ್ಲ. ಯಾಕ ಹಿಡೀಬೇಕು? ಗೂಡಿನ್ಯಾಗ ಇದ್ದದ್ದು ತನ್ನ ಮರೀನೇ, ಮಂದಿ ಮರಿ ಅಲ್ಲಿಗೆ ಬರಾಕ ದಾರಿನೇ ಇಲ್ಲ.

ಇಂಗ್ಲೆಂಡಿನ ಟೈನ್ ನದಿ ಸೇತುವೆ ಮ್ಯಾಲೂ ಇವು ಗೂಡು ಮಾಡ್ತಾವ, ಸಮುದ್ರದಿಂದ ಸುಮಾರು 13 ಕಿ.ಮೀ. ಒಳಗ. ಕಬ್ಬಿಣದ ತೊಲೆ ಅವಕ್ಕ ಕಲ್ಲಿನ ಕಟ್ಟೆನೇ.

ವಿಜಾಪುರ ಮಾಸ್ತರ

ಗಿಲಿಮಾಟ್ ಮರಿ ಬಗ್ಗೆ ನಾ ಬರೀತೀನಿ, ಶಾಲಿ ಹುಡುಗರಿಗೆ ಹೇಳಿಕೊಡೂ ವಿಷಯ ಇದು.

ಚಿಪ್ಪಿನೊಳಗ ಇದ್ದಾಗನ ಮರಿ ಚೀಂಗುಡ್ತದ, ಮ್ಯಾಲಿಂದ ತಂದಿ ತಾಯಿ ದನಿ ಕೊಡ್ತಾವ. ಹೊರಗ ಬರೂದ್ರೊಳಗ ಮರಿಗೆ ದನಿ ಪರಿಚಯ ಆಗಿರ್ತದ. ಒಂದು ಚದರ ಮೀಟರಿನ್ಯಾಗ ಇಪ್ಪತ್ತು ಜೋಡಿ ಇರೂ ಜಾಗಾದಾಗ, ಅಂದ್ರ ಬನಶಂಕರಿ ಜಾತ್ರಿ ಬಸ್ಸಿನ್ಯಾಗ ನಿಂತಂಗ ನಿಂತಲ್ಲಿ, ಅದು ಅವಶ್ಯ ಬೇಕು. ಇಲ್ಲಿ ಕಿಟ್ಟಿವೇಕಿಗೆ ಪೂರಾ ಉಲ್ಟಾ ನೋಡ್ರಿ, ಗೂಡಿನ ಗೋಡಿ ಇಲ್ಲಾ, ಮರಿ ಒಂದರಾಗೊಂದು ಬೆರೀತಾವ, ಅದಕ್ಕ ಗುರ್ತು ಬೇಕು.

ಮೀನು ತರೂದು ಒಂದೊಂದೇ. ಪಫಿನ್ ಹಂಗ ಕೊಕ್ಕಿನ ಅಡ್ಡಕ್ಕ ಹತ್ತು ಮೀನು ಜೋಡಿಸೂದಲ್ಲ. ಗಿಲಿಮಾಟ್ ಮೀನಿನ ತಲಿ ಗಂಟಲ ಕಡೆ, ಬಾಲ ಹೊರಗ ಇರೂಹಂಗ ಉದ್ದಕ್ಕ ಹಿಡೀತದ. ಸ್ಯಾಂಡೀಲ್, ಸ್ಪ್ರ್ಯಾಟ್, ಕೇಪ್ಲಿನ್ ಇಂಥಾ ಎಣ್ಣಿ ಜಿಡ್ಡಿನ ಸಣ್ಣ ಮೀನು. ಮೀನು ಬಡಕ ಆದ್ರ ಮರಿನೂ ಬಡಕ. ಒಂದೇ ತರೂದ್ರಿಂದ ಗುಣಕ್ಕ ಕೊರತಿ ಬಂದದ್ದನ್ನ ಎಣಿಕಿಲೆ ತುಂಬಾಕ ಆಗೂದಿಲ್ಲ.

ಮೂರು ವಾರಕ್ಕ ಮರಿ ಕಟ್ಟೆ ಬಿಡ್ತದ. ಆಗ ಅದರ ತೂಕ ದೊಡ್ಡ ಹಕ್ಕಿಯ ಕಾಲುಭಾಗ, ಹಾರೂ ಗರಿ ಇನ್ನೂ ಬಂದಿಲ್ಲ. ಸಂಜಿಮುಂದ ತಂದಿ ಕೆಳಗ ನೀರಿಗೆ ಇಳದು ಕೂಗ್ತದ, ಮರಿ ತುದಿಗೆ ಬಂದು ಜಿಗೀತದ. ಸಣ್ಣ ರೆಕ್ಕಿ ಬಡದು, ಪಾದ ಅಗಲಿಸಿ ಒಂದೀಟು ತೇಲ್ತದ. ಕಲ್ಲಿಗೆ ಬಡದ್ರೂ ಎಷ್ಟೋ ಸಲ ಉಳೀತದ, ಯಾಕಂದ್ರ ಹಗುರ ಅದ, ಮೈ ತುಂಬ ಮೆತ್ತನ ಪುಕ್ಕ, ಕೆಳಗ ಕೊಬ್ಬು. ನಿಜವಾದ ಗಂಡಾಂತರ ದೊಡ್ಡ ಕಡಲಕಾಗಿ. ಅದಕ್ಕ ಎಲ್ಲಾ ಮರಿ ಕೂಡಿ ಕೆಲವೇ ದಿನದೊಳಗ, ಬೆಳಕ ಕಡಿಮಿ ಆದಾಗ ಜಿಗಿಯೂದು. ಒಮ್ಮೆಲೆ ಸಾವಿರ ಮರಿ ಬಿದ್ರ ಕಾಗಿ ತಿಂದೀತು ಎಷ್ಟು?

ಆಮ್ಯಾಲ ತಂದಿ ಮರಿ ಕೂಡೇ ತೆರಕೊಂಡ ಸಮುದ್ರಕ್ಕ ಈಜ್ತಾವ. ಒಂದೆರಡು ತಿಂಗಳು ಸಾಕೂದು ತಂದೀನ. ಅದ ಹೊತ್ತಿಗೆ ತಂದಿಯ ಹಾರೂ ಗರಿ ಉದುರಿ ಹೊಸಾವು ಬರ್ತಾವ, ಹಂಗಾಗಿ ಇಬ್ಬರಿಗೂ ಹಾರಾಕ ಬರೂದಿಲ್ಲ. ತಾಯಿ? ಅದು ಇನ್ನೊಂದಿಷ್ಟು ದಿನ ಖಾಲಿ ಕಟ್ಟೆಗೆ ಬಂದು ಜಾಗಾ ಕಾಯ್ತದ. ಮುಂದಿನ ವರ್ಷ ಮತ್ತ ಅದ ಬೊಗಸಿಯಷ್ಟು ಜಾಗಾ ಬೇಕಲ್ಲ.

ಗೋಕಾಕ ಕರದಂಟು

ಮಾಸ್ತರ, ಇಷ್ಟು ಒತ್ತಿ ನಿಂತ್ರ ಜಗಳ ಆಗೂದಿಲ್ಲೇನ್ರಿ? ಸ್ವಲ್ಪ ಜಾಗಾ ಬಿಟ್ಟು ನಿಂತ್ರ ಮೊಟ್ಟಿನೂ ಉಳೀತಾವಲ್ಲ.

ಉತ್ತರದ ಗಾಳಿ (ಬೆಳಗಾವಿ)

ಉಲ್ಟಾ. ಒತ್ತಾಗಿ ನಿಂತಷ್ಟೂ ಮೊಟ್ಟೆ ಉಳಿಯುತ್ತವೆ. ಕಡಲಕಾಗೆ ಇಳಿದು ಕದಿಯಬೇಕಾದರೆ ಕಾಲಿಡಲು ಜಾಗ ಬೇಕು. ಸುತ್ತಲೂ ಚೂಪು ಕೊಕ್ಕುಗಳ ಗೋಡೆ ಇದ್ದರೆ ಅದಕ್ಕೆ ಆಗುವುದಿಲ್ಲ. ಮೊಟ್ಟೆ ಕಳೆದುಕೊಳ್ಳುವುದು ಹೆಚ್ಚಾಗಿ ಗುಂಪಿನ ಅಂಚಿನ, ಚದುರಿದ ಜೋಡಿಗಳು. ಜಗಳ ಆಗುತ್ತದೆ, ಅದಕ್ಕೆ ಮದ್ದೂ ಇದೆ. ಪಕ್ಕದವರ ಕುತ್ತಿಗೆಯ ಪುಕ್ಕ ಸವರುವುದು. ಉಣ್ಣಿ ತೆಗೆಯುವ ಕೆಲಸವೂ ಅದರಲ್ಲೇ ಆಗುತ್ತದೆ.

ಆದರೆ ಈ ನೆರೆಹೊರೆ ಹೊಟ್ಟೆ ತುಂಬಿದಾಗ ಮಾತ್ರ. ಸಾಮಾನ್ಯವಾಗಿ ತಂದೆ ತಾಯಿಯಲ್ಲಿ ಒಬ್ಬರು ಸದಾ ಮರಿಯ ಹತ್ತಿರ ಇರುತ್ತಾರೆ. 2007ರಲ್ಲಿ ಸ್ಕಾಟ್ಲೆಂಡಿನ ಮೇ ದ್ವೀಪದಲ್ಲಿ ಮೀನು ಸಿಗದೆ ಇಬ್ಬರೂ ಬೇಟೆಗೆ ಹೋಗಬೇಕಾಯಿತು. ಒಂಟಿ ಬಿದ್ದ ಮರಿಗಳನ್ನು ಪಕ್ಕದ ಗಿಲಿಮಾಟ್‌ಗಳೇ ಕುಕ್ಕಿದವು, ಕಟ್ಟೆಯಿಂದ ತಳ್ಳಿದವು. ಹಸಿವು ಕಟ್ಟೆಯ ಮೇಲೆ ಮೊದಲು ಕಾಣುವುದು ಹೀಗೆ, ಸತ್ತ ದೊಡ್ಡ ಹಕ್ಕಿಗಳಾಗಿ ಅಲ್ಲ. ಎಣಿಕೆ ಮಾಡುವವರು ಒಂಟಿ ಮರಿಗಳ ಸಂಖ್ಯೆಯನ್ನೂ ಬರೆದಿಡಬೇಕು ಅನ್ನುವುದು ಇದಕ್ಕೇ.

ಘಟಪ್ರಭಾ ದುರ್ಬೀನು

ಒಂದು ಸಂಶಯ. ನಮ್ಮ ಅರಬ್ಬಿ ಸಮುದ್ರಕ್ಕೂ ಬಂಡೆ ಇವೆ, ನೇತ್ರಾಣಿ ಇದೆ, ಆಚೆ ವೆಂಗುರ್ಲದ ಕಲ್ಲುದ್ವೀಪಗಳಿವೆ. ಗಿಲಿಮಾಟ್ ಅಥವಾ ಅದರ ನೆಂಟರು ಇಲ್ಲಿ ಯಾಕಿಲ್ಲ? ಬಿಸಿಲು ಒಂದೇ ಕಾರಣವೇ?

ಉತ್ತರದ ಗಾಳಿ (ಬೆಳಗಾವಿ)

ಬಿಸಿಲಿಗಿಂತ ನೀರಿನ ಬಿಸಿ ದೊಡ್ಡ ಕಾರಣ. ಗಿಲಿಮಾಟ್ ರೆಕ್ಕೆಯಿಂದಲೇ ನೀರೊಳಗೆ ಈಜುತ್ತದೆ, 180 ಮೀಟರ್‌ವರೆಗೆ ಮುಳುಗಿದ ದಾಖಲೆ ಇದೆ. ಅದಕ್ಕಾಗಿ ರೆಕ್ಕೆ ಗಿಡ್ಡ, ಕಿರಿದು. ಹಾಗಾಗಿ ಗಾಳಿಯಲ್ಲಿ ಹಾರಲು ವಿಪರೀತ ಶ್ರಮ. ಇದರ ಹತ್ತಿರದ ನೆಂಟ ಬ್ರೂನಿಕ್ ಗಿಲಿಮಾಟ್ ಹಾರುವಾಗ ವಿಶ್ರಾಂತಿಯಲ್ಲಿ ಖರ್ಚಾಗುವುದರ 31 ಪಟ್ಟು ಶಕ್ತಿ ಸುಡುತ್ತದೆ ಅಂತ 2013ರಲ್ಲಿ ಅಳೆದಿದ್ದಾರೆ. ಇಷ್ಟು ಖರ್ಚಿಗೆ ಆದಾಯವೂ ಬೇಕು. ತಣ್ಣೀರಿನಲ್ಲಿ ಮೀನಿನ ಮೈ ತಣ್ಣಗೆ, ಓಟ ನಿಧಾನ. ಬಿಸಿರಕ್ತದ ಹಕ್ಕಿಗೆ ಹಿಡಿಯುವುದು ಸುಲಭ. ಬೆಚ್ಚನೆಯ ನೀರಿನಲ್ಲಿ ಮೀನೂ ಚುರುಕು, ಜೊತೆಗೆ ಶಾರ್ಕಿನಂಥ ಬೇಟೆಗಾರರೂ ಚುರುಕು. ಅಲ್ಲಿ ಈ ವ್ಯಾಪಾರ ಗಿಟ್ಟುವುದಿಲ್ಲ.

ನಮ್ಮ ಕಡಲಲ್ಲಿ ಗೂಡು ಮಾಡುವವು ರೀವ (ಟರ್ನ್) ಜಾತಿಯವು, ಮೇಲಿಂದ ಹಾರುತ್ತ ನೀರಿನ ಮೇಲ್ಪದರದ ಮೀನು ಎತ್ತಿಕೊಳ್ಳುವಂಥವು. ವೆಂಗುರ್ಲದ ಕಲ್ಲುಗಳಲ್ಲಿ ಬ್ರೈಡಲ್ಡ್ ಟರ್ನ್ ಒಂದೇ ಮೊಟ್ಟೆ ಇಡುತ್ತದೆ, ಆದರೆ ಬಯಲಲ್ಲಿ ಅಲ್ಲ, ಕಲ್ಲಿನ ಸಂದಿಯ ನೆರಳಲ್ಲಿ. ಕ್ವಾರಿಯವರು ಹೇಳಿದ ಮಾತೇ. ಅಲ್ಲಿನ ಗುಹೆಗಳಲ್ಲಿ ಎಂಜಲಿನಿಂದ ಗೂಡು ಕಟ್ಟುವ ಬಾನಾಡಿಯೂ (ಸ್ವಿಫ್ಟ್ ಗುಂಪಿನ ಹಕ್ಕಿ) ಇದೆ.

ಖಾನಾಪುರ ಮಳಿ

ಮಾತು ಬಂತಂತ ಹೇಳ್ತೀನಿ, ಎಣಿಕೆಗೆ ಸಂಬಂಧ ಇಲ್ಲ. ಜೂನ್-ಜುಲೈದಾಗ ಬಿರುಗಾಳಿ ಎದ್ದಾಗ ಕಡಲಹಕ್ಕಿ ದಣಿದು ಕರಾವಳಿಗೆ ಬೀಳ್ತಾವ, ಒಮ್ಮೊಮ್ಮೆ ಘಟ್ಟ ಹತ್ತಿ ಈಚೆನೂ ಬರ್ತಾವ. ಬೂಬಿ, ರೀವ ಇಂಥಾವು. ಅಂಗಳದಾಗ ಕಂಡ್ರ ಮ್ಯಾಲ ತೂರಿ ಹಾರಿಸಾಕ ಹೋಗಬ್ಯಾಡ್ರಿ. ಬಾಯಿ ತೆರದು ನೀರು ಹನಿಸಬ್ಯಾಡ್ರಿ, ಶ್ವಾಸನಾಳಕ್ಕ ಹೋಗ್ತೈತಿ. ಕೆರಿಗೆ ಬಿಡಬ್ಯಾಡ್ರಿ. ಕೈಗವಸು ಹಾಕ್ಕೊಂಡು, ಟವೆಲ್ ಮುಚ್ಚಿ ಹಿಡದು, ತೂತು ಮಾಡಿದ ರಟ್ಟಿನ ಡಬ್ಬಿಯೊಳಗ ಕತ್ತಲಿಗೆ ಇಟ್ಟು ಅರಣ್ಯ ಇಲಾಖೆಯವರಿಗೆ ತಿಳಸ್ರಿ. ಬೂಬಿ ಕೊಕ್ಕು ನೇರ ಕಣ್ಣಿಗೆ ಬರ್ತೈತಿ, ಮುಖ ದೂರ ಇರಲಿ. ಸತ್ತದ್ದನ್ನ ಬರಿಗೈಲೆ ಮುಟ್ಟಬ್ಯಾಡ್ರಿ, ಹಕ್ಕಿಜ್ವರದ ಕಾಲ.

ಮಲಪ್ರಭಾ ದಂಡಿ (ಬಾದಾಮಿ)

ಈಗ ಎಣಿಕೆ ಮಾತಿಗೆ ಬರೂಣ್ರಿ. ಗೂಡೇ ಇಲ್ಲದ ಗಿಲಿಮಾಟ್ ಅವರು ಹೆಂಗ ಎಣಿಸ್ತಾರ?

ಘಟಪ್ರಭಾ ದುರ್ಬೀನು

ಗೂಡಿಲ್ಲದ್ದಕ್ಕೆ ತಲೆ ಎಣಿಸುತ್ತಾರೆ. ಬ್ರಿಟನ್ನಿನ ಪದ್ಧತಿಯಲ್ಲಿ ಗಿಲಿಮಾಟ್‌ಗೆ ಜೂನ್ 1ರಿಂದ 21ರವರೆಗೆ, ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ. ದಿನಾಂಕಕ್ಕೆ ಕಾರಣ ಇದೆ. ಅದಕ್ಕೆ ಮೊದಲು ಹೋದರೆ ಇನ್ನೂ ಎಲ್ಲ ಜೋಡಿ ಬಂದು ನಿಂತಿರುವುದಿಲ್ಲ, ತಡವಾದರೆ ಮರಿ ಜಿಗಿದು ಗಂಡುಗಳೆಲ್ಲ ಸಮುದ್ರದಲ್ಲಿ. ಬೆಳಗಿನ ಜಾವ ಮತ್ತು ಸಂಜೆ ಕಟ್ಟೆಯ ಮೇಲಿನ ಸಂಖ್ಯೆ ಬಹಳ ಏರಿಳಿಯುತ್ತದೆ. ಜೋರು ಗಾಳಿ, ಮಳೆ, ಮಂಜು ಇದ್ದರೆ ಆ ದಿನ ಬಿಡಬೇಕು.

ಇಡೀ ಬಂಡೆ ಎಣಿಸಲಾಗದಿದ್ದರೆ ಗುರುತು ಮಾಡಿದ ಕೆಲವು ತುಂಡುಗಳನ್ನು ಮಾತ್ರ ಬೇರೆ ಬೇರೆ ದಿನ ಹಲವು ಸಲ ಎಣಿಸಿ ಸರಾಸರಿ ತೆಗೆಯುತ್ತಾರೆ. ತಲೆಯಿಂದ ಜೋಡಿಗೆ ಬರಲು 0.67ರಿಂದ ಗುಣಿಸುವುದು ವಾಡಿಕೆ: 300 ತಲೆಗೆ ಸುಮಾರು 200 ಜೋಡಿ. ಯಾವ ಹೊತ್ತಿನಲ್ಲೂ ಕೆಲವು ಜೋಡಿಯ ಇಬ್ಬರೂ ಕಟ್ಟೆಯಲ್ಲಿರುತ್ತಾರೆ, ಕೆಲವದರಲ್ಲಿ ಒಬ್ಬರೇ. ಅದಕ್ಕೆ ಈ ಅಂಕಿ. ಎಲ್ಲ ಊರಿಗೂ ಇದೇ ಹೊಂದುತ್ತದೆ ಅಂತಲ್ಲ. ಬುಡದ ಕಲ್ಲುಗಳ ಮೇಲೆ ಮರಿ ಮಾಡದ ಹರೆಯದ ಹಕ್ಕಿಗಳ ಗುಂಪು ನಿಂತಿರುತ್ತದೆ. ಗಿಲಿಮಾಟ್ ಮೊದಲ ಮೊಟ್ಟೆ ಇಡಲು ಆರೇಳು ವರ್ಷ ಬೇಕು, ಅಲ್ಲಿವರೆಗೆ ಇಲ್ಲಿ ಠಿಕಾಣಿ. ಅವನ್ನು ಬೇರೆ ಬರೆಯಬೇಕು, ಕೂಡಿಸಬಾರದು.

ಕಿಟ್ಟಿವೇಕ್ ಸಲೀಸು. ಮೊಟ್ಟೆ ಹಿಡಿಯುವಷ್ಟು ಗಟ್ಟಿಯಾಗಿ ಕಟ್ಟಿದ ಗೂಡು, ಅದರ ಮೇಲೆ ಕನಿಷ್ಠ ಒಂದು ಹಕ್ಕಿ. ಎರಡೂ ಇದ್ದರೆ ಒಂದು ಅಂತ ಎಣಿಸು. ಹುಲ್ಲಿನ ನಾಲ್ಕು ಎಳೆ ಅಂಟಿದ್ದು ಗೂಡಲ್ಲ.

ಈ ಬೇಸರದ ಕೆಲಸದ ಬೆಲೆ ಅಲಾಸ್ಕದಲ್ಲಿ ತಿಳಿಯಿತು. 2014ರಿಂದ 2016ರವರೆಗೆ ಈಶಾನ್ಯ ಪೆಸಿಫಿಕ್ ಬಿಸಿಯಾಗಿತ್ತು. 2015-16ರಲ್ಲಿ ಸುಮಾರು 62,000 ಸತ್ತ, ಸಾಯುತ್ತಿದ್ದ ಮರ್‌ಗಳು, ಅಂದರೆ ಗಿಲಿಮಾಟ್‌ಗಳು, ದಡಕ್ಕೆ ಬಂದವು. ದಡಕ್ಕೆ ಬರುವುದು ಸತ್ತದ್ದರ ಸಣ್ಣ ಪಾಲು. ಬಿಸಿಗೆ ಮೊದಲೂ ಆಮೇಲೂ ಎಣಿಸಿದ್ದ 13 ನೆಲೆಗಳ ಲೆಕ್ಕ ಹೋಲಿಸಿದಾಗ ಅಲಾಸ್ಕದ ಈ ಹಕ್ಕಿಗಳಲ್ಲಿ ಅರ್ಧದಷ್ಟು, ಸುಮಾರು 40 ಲಕ್ಷ, ಹೋಗಿದ್ದವು ಅಂತ 2024ರಲ್ಲಿ ಪ್ರಕಟವಾಯಿತು. ಮೊದಲಿನ ಲೆಕ್ಕ ಇಲ್ಲದಿದ್ದರೆ ಎಷ್ಟು ಹೋದವು ಅಂತ ಹೇಳಲು ಯಾರಿಗೂ ಆಗುತ್ತಿರಲಿಲ್ಲ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ, ತುಂಬಿಕೊಳ್ಳುವುದು ಬೇಗ ಅಲ್ಲ.

ಗೋಕಾಕ ಕರದಂಟು

ಡ್ರೋನ್ ಹಾರಿಸಿ ಫೋಟೋ ತಗದು ಮನ್ಯಾಗ ಕೂತು ಎಣಿಸಿದ್ರ ಆಗೂದಿಲ್ಲೇನು? ಈ ಬಿಸಲಾಗ ಯಾರು ನಿಲ್ತಾರ.

ಉತ್ತರದ ಗಾಳಿ (ಬೆಳಗಾವಿ)

ಬಾದಾಮಿಯಲ್ಲಿ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಅದು ಮೊದಲ ಮಾತು. ಗಿಲಿಮಾಟ್ ವಿಷಯದಲ್ಲಿ ಕಾರಣ ಇನ್ನೂ ಗಟ್ಟಿ. ತಗ್ಗಿನಲ್ಲಿ ವಿಮಾನವೋ ದೋಣಿಯೋ ಹದ್ದೋ ಬಂದು ಬೆಚ್ಚಿದರೆ ಇಡೀ ಕಟ್ಟೆ ಒಮ್ಮೆಲೇ ಹಾರುತ್ತದೆ. ಮೊಟ್ಟೆ ಪಾದದ ಮೇಲಿದೆ ಅನ್ನುವುದು ನೆನಪಿರಲಿ: ಹಾರುವ ಕಾಲೇ ಅದನ್ನು ಒದೆಯುತ್ತದೆ. ಉಳಿದವನ್ನು ಕಡಲಕಾಗೆ ಆರಿಸಿಕೊಳ್ಳುತ್ತದೆ. ಒಂದು ನಿಮಿಷದ ಗಲಾಟೆಗೆ ಒಂದು ವರ್ಷದ ಮರಿ ಹೋಗುತ್ತದೆ. ಇಂಗ್ಲೆಂಡಿನಲ್ಲಿ 1869ರಲ್ಲೇ ಕಡಲಹಕ್ಕಿ ರಕ್ಷಣೆಗೆ ಕಾನೂನು ಬಂದದ್ದು ಬಂಡೆಯ ಹಕ್ಕಿಗಳನ್ನು ಮೋಜಿಗೆ ಗುಂಡಿಕ್ಕುತ್ತಿದ್ದ ಕಾಲದಲ್ಲಿ.

ಬಾದಾಮಿಯಲ್ಲಿ ಇನ್ನೊಂದಿದೆ, ಚಾಚಿದ ಬಂಡೆಯ ಅಡಿಗೆ ಹೆಜ್ಜೇನು. ಡ್ರೋನಿನ ಸದ್ದಿಗೆ ಅದು ಎದ್ದರೆ ಕೆಳಗಿನ ಮೆಟ್ಟಿಲ ಮೇಲಿನ ಪ್ರವಾಸಿಗರ ಗತಿ?

ಮಲಪ್ರಭಾ ದಂಡಿ (ಬಾದಾಮಿ)

ಡ್ರೋನ್ ಬ್ಯಾಡ, ಮುಗೀತು. ನೆಲದ ಮ್ಯಾಲ ನಿಂತು ಮಾಡೂದನ್ನ ಹೇಳ್ರಿ.

ಘಟಪ್ರಭಾ ದುರ್ಬೀನು

ಹೇಳುತ್ತೇನೆ. ಮೊದಲು ಯಾವುದನ್ನು ಎಣಿಸುತ್ತೀರಿ ಅಂತ ತೀರ್ಮಾನ ಮಾಡಿ. ಇಲ್ಲಿ ಮುಖ್ಯವಾಗಿ ಮೂರು: ಡಸ್ಕಿ ಕ್ರ್ಯಾಗ್ ಮಾರ್ಟಿನ್ ಅನ್ನುವ ಕಂದು ಕವಲುತೋಕೆ, ಮನೆ ಬಾನಾಡಿ, ಪಾರಿವಾಳ. ಮೂರಕ್ಕೂ ಅಳತೆಗೋಲು ಬೇರೆ.

ಮಾರ್ಟಿನ್ ಕಿಟ್ಟಿವೇಕಿನ ಹಾಗೆ: ಹಸಿ ಮಣ್ಣಿನ ಉಂಡೆ ತಂದು ಚಾಚಿನ ಅಡಿಗೆ ಅರ್ಧ ಬಟ್ಟಲು ಅಂಟಿಸುತ್ತದೆ. ಜೋಡಿ ಒಂಟಿಯಾಗಿ, ಗೂಡು ದೂರ ದೂರ. ಅದೇ ಗೂಡನ್ನು ತೇಪೆ ಹಾಕಿ ಮತ್ತೆ ಬಳಸುತ್ತದೆ. ಇದನ್ನು ಗೂಡಿನ ಲೆಕ್ಕದಲ್ಲೇ ಎಣಿಸಿ. ಹಳೆಯ ಗೂಡು, ಬಳಕೆಯ ಗೂಡು ಬೇರೆ ಮಾಡುವುದು ಹೇಗೆ ಅಂದರೆ, ಅಂಚಿನಲ್ಲಿ ಗಾಢ ಬಣ್ಣದ ಹೊಸ ಮಣ್ಣಿನ ಸಾಲು, ಕೆಳಗಿನ ಕಲ್ಲಿನ ಮೇಲೆ ತಾಜಾ ಹಿಕ್ಕೆ, ಅರ್ಧ ಗಂಟೆಯಲ್ಲಿ ಒಮ್ಮೆಯಾದರೂ ಹಕ್ಕಿ ಬಂದು ಹೋಗುವುದು. ಮೂರರಲ್ಲಿ ಎರಡು ಸಿಕ್ಕರೆ ಬಳಕೆಯ ಗೂಡು ಅಂತ ಬರೆಯಿರಿ.

ಬಾನಾಡಿ ಗಿಲಿಮಾಟ್‌ಗಿಂತಲೂ ಕಷ್ಟ. ಹುಲ್ಲು ಪುಕ್ಕಗಳನ್ನು ಎಂಜಲಿನಿಂದ ಅಂಟಿಸಿದ ಗೂಡುಗಳು ಒಂದಕ್ಕೊಂದು ಬೆಸೆದು ಗಂಟಾಗಿರುತ್ತವೆ, ಎಷ್ಟು ಅಂತ ಬಿಡಿಸಲಾಗದು. ಗೂಡಿನ ಬಾಯಿಗಳನ್ನು ಎಣಿಸಿ, ಸಂಜೆ ಒಳಬರುವ ಹಕ್ಕಿಗಳನ್ನು ಬೇರೆಯಾಗಿ ಎಣಿಸಿ, ಎರಡೂ ಅಂಕಿ ಬರೆಯಿರಿ. ಒಂದರಿಂದ ಇನ್ನೊಂದನ್ನು ಊಹಿಸಬೇಡಿ. 0.67 ಗಿಲಿಮಾಟ್‌ನ ಅಂಕಿ, ಇಲ್ಲಿಗೆ ತರಬೇಡಿ.

ಜಾಗದ ಕೆಲಸ ಹೀಗೆ. ಅಗಸ್ತ್ಯತೀರ್ಥದ ಈಚೆ ದಂಡೆಯಿಂದ ಎದುರಿನ ಬಂಡೆ ಪೂರ್ತಿ ಕಾಣುತ್ತದೆ. ನಿಲ್ಲುವ ಜಾಗ ಒಂದೇ ಇರಬೇಕು, ಮೆಟ್ಟಿಲಿನ ಕಲ್ಲೋ ಮಂಟಪದ ಕಂಬವೋ ಗುರುತಿಟ್ಟುಕೊಳ್ಳಿ, ಮುಂದಿನ ವರ್ಷ ಬೇರೆಯವರು ಬಂದರೂ ಅಲ್ಲೇ ನಿಲ್ಲುವ ಹಾಗೆ. ತೀರಾ ಬುಡದಲ್ಲಿ ನಿಂತರೆ ಕಟ್ಟೆಯ ತುಟಿ ಒಳಭಾಗವನ್ನು ಮರೆಮಾಡುತ್ತದೆ. ಬಂಡೆಯ ಫೋಟೋಗಳನ್ನು ಒಂದರ ಮೇಲೊಂದು ಮೂರರಲ್ಲೊಂದು ಪಾಲು ಬರುವಂತೆ ತೆಗೆದು ಏ3 ಹಾಳೆಗೆ ಮುದ್ರಿಸಿ. ಬಿರುಕು, ನೀರಿಳಿದ ಕಪ್ಪುಗೆರೆ ಹಿಡಿದು ತುಂಡುಗಳ ಗಡಿ ಎಳೆದು ಅಂಕಿ ಕೊಡಿ. ಗಿಡವನ್ನು ಗಡಿ ಮಾಡಬೇಡಿ, ಮಳೆಗಾಲಕ್ಕೆ ಬೆಳೆದು ಬೇಸಿಗೆಗೆ ಒಣಗುತ್ತದೆ. ಇಬ್ಬರು ಒಬ್ಬರಿಗೊಬ್ಬರು ಅಂಕಿ ಹೇಳದೆ ಎಣಿಸಲಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಫರಕು ಬಂದರೆ ಆ ತುಂಡು ಮತ್ತೆ. 8×42 ದುರ್ಬೀನು ಗೂಡು ಹುಡುಕಲಿಕ್ಕೆ ಸಾಕು, ಹೊಸ ಮಣ್ಣು ನೋಡಲು ಟ್ರೈಪಾಡಿನ ಮೇಲೆ 20-60ರ ಸ್ಕೋಪ್ ಬೇಕು.

ಕಲ್ಲು ಕ್ವಾರಿ (ಬಾಗಲಕೋಟೆ)

ಹಾಳೆಯಲ್ಲಿ ಪ್ರತಿ ತುಂಡಿಗೂ ಬಂಡೆಯ ಮುಖ ಯಾವ ದಿಕ್ಕಿಗೆ, ಚಾಚು ಎಷ್ಟು ಆಳ ಅಂತ ಎರಡು ಕಾಲಂ ಹಾಕಿ. ಮೂರು ವರ್ಷದ ಲೆಕ್ಕ ಸೇರಿದ ಮೇಲೆ ಪಶ್ಚಿಮದ ಮುಖದಲ್ಲಿ ಗೂಡು ಕಡಿಮೆಯೋ ಅಲ್ಲವೋ ಗೊತ್ತಾಗುತ್ತದೆ. ನನ್ನ ಊಹೆ ಕಡಿಮೆ ಅಂತ. ಇನ್ನು ಹೊಸದಾಗಿ ಉದುರಿದ ಕಲ್ಲಿನ ಗುರುತು ಕಂಡರೆ, ಅಂದರೆ ಸುತ್ತಲಿನ ಕಪ್ಪು ಮೈಯ ನಡುವೆ ತಿಳಿಗೆಂಪು ಹೊಸ ಮುಖ ಕಂಡರೆ, ಬರೆದಿಡಿ. ಅಲ್ಲಿ ಗೂಡು ಇಲ್ಲದ್ದಕ್ಕೆ ಹಕ್ಕಿ ಕಾರಣವಲ್ಲ.

ವಿಜಾಪುರ ಮಾಸ್ತರ

ಯಾವಾಗ ಮಾಡೂದು? ಅವರಿಗೆ ಜೂನ್ ಅದ, ನಮಗ ಜೂನ್ ನಡಿಯೂದಿಲ್ಲ.

ಘಟಪ್ರಭಾ ದುರ್ಬೀನು

ಮಾರ್ಟಿನ್‌ಗೆ ಹಸಿ ಮಣ್ಣು ಬೇಕು, ವರ್ಷಕ್ಕೆ ಎರಡು ಸಲ ಮರಿ ಮಾಡುವುದೂ ಉಂಟು. ಒಂದೇ ದಿನಾಂಕಕ್ಕೆ ಜೋತುಬೀಳಬೇಡಿ. ಮೊದಲ ವರ್ಷ ತಿಂಗಳಿಗೊಮ್ಮೆ ನಾಲ್ಕು ತುಂಡು ಮಾತ್ರ ನೋಡಿ, ಬಳಕೆಯ ಗೂಡು ಯಾವ ತಿಂಗಳು ಅತಿ ಹೆಚ್ಚು ಅಂತ ತಿಳಿದ ಮೇಲೆ ಆ ತಿಂಗಳನ್ನು ಗಟ್ಟಿ ಮಾಡಿ. ಹೊತ್ತು ಬೆಳಿಗ್ಗೆ 7ರಿಂದ 10, ಬಿಸಿಲು ಎದುರಿಗೆ ಬರದ ಕಡೆಯಿಂದ. ಶಾಹೀನ್ ಡೇಗೆ ಅಥವಾ ಗೂಬೆ ಕೂತ ಚಾಚು ಸಿಕ್ಕರೆ ಜಾಗವನ್ನು ಇಲ್ಲಿ ಬರೆಯಬೇಡಿ.

ಮಲಪ್ರಭಾ ದಂಡಿ (ಬಾದಾಮಿ)

ಆತ್ರಿ. ಏ3 ಹಾಳಿ ಖರ್ಚು ಗುಂಪಿಂದ ಹೊಂದಸ್ತೀವಿ. ಸ್ಕೋಪ್ ಇದ್ದವರು ಇನ್ನೊಬ್ಬರು ಬೇಕು, ಟ್ರೈಪಾಡ್ ಸಮೇತ. ಮೆಟ್ಟಲ ಮ್ಯಾಲ ತಿಂಡಿ ಪಾಕೀಟು ಬಿಚ್ಚಬ್ಯಾಡ್ರಿ, ಮಂಗ್ಯಾ ಬಂದ್ರ ಮೊದಲ ಹೋಗೂದು ಹಾಳಿ.